ತುಕ್ಕಿನ ಹಿಡಿತ ಸಡಿಲಿಸುವ ವಿದ್ಯೆ

"ಇಂಜಿನ್ ಜಾಮ್ ಆಗೇತ್ರಿ, ಗುಜರಿಗೆ ಹಾಕೂದ ಛಲೋ." ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬೇವಿನ ಮರದ ಬುಡದಲ್ಲೋ ಕಣದ ಅಂಚಿನಲ್ಲೋ ವರ್ಷಗಟ್ಟಲೆ ನಿಂತುಬಿಟ್ಟ ಟ್ರ್ಯಾಕ್ಟರಿನ ಬಗ್ಗೆ ಈ ತೀರ್ಪು ಬಹಳ ಬೇಗ ಬರುತ್ತದೆ. ಹೆಡ್ ಬಿಚ್ಚಿ ಒಳಗೆ ಇಣುಕುವ ಮೊದಲೇ ಬರುತ್ತದೆ. ಆದರೆ ಜಾಮಾದ ಇಂಜಿನ್ನಿನಲ್ಲಿ ಬಹುಪಾಲು ಭಾಗಗಳು ಗಟ್ಟಿಮುಟ್ಟಾಗಿಯೇ ಇರುತ್ತವೆ. ಅವನ್ನು ಹಿಡಿದು ನಿಲ್ಲಿಸಿದ್ದು ಎರಡು ಲೋಹಗಳ ನಡುವಿನ ಸಂದಿಯಲ್ಲಿ ಬೆಳೆದ ಒಂದು ತೆಳು ಪದರ ಮಾತ್ರ. ಆ ಸಂದಿಯ ಅಗಲ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ ಇದ್ದರೆ ಹೆಚ್ಚು.

ಈ ಪದರ ಮೂರು ಬಗೆಯದು. ಕಬ್ಬಿಣದ ಮೇಲೆ ಕೂತದ್ದು ತುಕ್ಕು, ಸುಟ್ಟ ಡೀಸೆಲ್ಲಿನಿಂದ ಬಂದದ್ದು ಇಂಗಾಲದ ಮಸಿ, ರೇಡಿಯೇಟರಿನ ನೀರಿನಿಂದ ಕಟ್ಟಿದ್ದು ಸುಣ್ಣದ ಗಾರು. ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದು ಹಿಡಿದಿದೆ ಎಂದು ತಿಳಿಯದೆ ಸುತ್ತಿಗೆ ಎತ್ತಿದರೆ ಬಿಡಿಸಬಹುದಾಗಿದ್ದ ಭಾಗವೇ ಒಡೆಯುತ್ತದೆ. ಹಳೆಯ ಟ್ರ್ಯಾಕ್ಟರಿನ ಮಟ್ಟಿಗೆ ಇದು ದೊಡ್ಡ ನಷ್ಟ. ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆ ಶುರುವಾದದ್ದು 1959ರಲ್ಲಿ, ಫರೀದಾಬಾದಿನ ಐಷರ್ ಕಾರ್ಖಾನೆಯಲ್ಲಿ. 1960ರ ದಶಕದಲ್ಲಿ ಮದ್ರಾಸಿನ ಟಾಫೆಯಿಂದ ಮ್ಯಾಸ್ಸಿ ಫರ್ಗುಸನ್ ಬಂತು, ಮುಂಬೈಯಿಂದ ಮಹೀಂದ್ರದವರ ಇಂಟರ್‌ನ್ಯಾಷನಲ್ ಬಿ-275 ಬಂತು. 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಎಚ್‌ಎಂಟಿ, ಚೆಕೊಸ್ಲೊವಾಕಿಯದ ಝೆಟರ್ ಮಾದರಿಯ ಟ್ರ್ಯಾಕ್ಟರುಗಳನ್ನು ಕಟ್ಟತೊಡಗಿತು. ಆ ಪಿಂಜೋರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿತು. ತಯಾರಕರೇ ಇಲ್ಲದ ಯಂತ್ರದಲ್ಲಿ ಮುರಿಯದೆ ಹೊರಬಂದ ಪ್ರತಿ ಭಾಗಕ್ಕೂ ಬೆಲೆ ಇದೆ.

ಬರದ ಸೀಮೆಯಲ್ಲಿ ನೀರು ಹೊಕ್ಕದ್ದೆಲ್ಲಿಂದ?

ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಇಷ್ಟು ಕಡಿಮೆ ಮಳೆಯ ನಾಡಿನಲ್ಲಿ ಇಂಜಿನ್ನಿನ ಹೊಟ್ಟೆಯೊಳಗೆ ತುಕ್ಕು ಹೇಗೆ ಹಿಡಿಯಿತು ಎಂಬುದಕ್ಕೆ ಉತ್ತರ ಬಾನೆಟ್ಟಿನ ಮೇಲೆ ನೆಟ್ಟಗೆ ನಿಂತ ಸೈಲೆನ್ಸರ್ ಕೊಳವೆಯಲ್ಲಿದೆ. ಕೊಳವೆಯ ಬಾಯಿ 5 ಸೆಂಟಿಮೀಟರ್ ಅಗಲ ಎಂದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 20 ಚದರ ಸೆಂಟಿಮೀಟರ್. ಅದರ ಮೇಲೆ ವರ್ಷವಿಡೀ 60 ಸೆಂಟಿಮೀಟರ್ ಮಳೆ ಸುರಿದರೆ ಒಂದು ಲೀಟರಿಗೂ ಹೆಚ್ಚು ನೀರು ಒಳಗಿಳಿಯುತ್ತದೆ. ಒಂದಿಷ್ಟು ಆರಿಹೋದರೂ ಉಳಿದದ್ದು ಎಕ್ಸಾಸ್ಟ್ ದಾರಿ ಹಿಡಿದು ಸಿಲಿಂಡರಿನ ಬಾಗಿಲಿಗೆ ಬರುತ್ತದೆ.

ಆ ಬಾಗಿಲು, ಅಂದರೆ ಎಕ್ಸಾಸ್ಟ್ ವಾಲ್, ಮುಚ್ಚಿರಬೇಕಲ್ಲವೇ? ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಒಂದು ಸುತ್ತಿನ ಕೆಲಸ ಮುಗಿಯಲು ಕ್ರ್ಯಾಂಕ್ 720 ಡಿಗ್ರಿ ತಿರುಗಬೇಕು. ಅದರಲ್ಲಿ ಪ್ರತಿ ಸಿಲಿಂಡರಿನ ಎಕ್ಸಾಸ್ಟ್ ವಾಲ್ ಸುಮಾರು ಮೂರನೆಯ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತದೆ. ಮೂರು ಸಿಲಿಂಡರಿನ ಇಂಜಿನ್ನಿನಲ್ಲಿ ಈ ಸರದಿ 240 ಡಿಗ್ರಿಗೊಮ್ಮೆ ಬರುವುದರಿಂದ, ಇಂಜಿನ್ ಎಲ್ಲೇ ನಿಂತರೂ ಒಂದಲ್ಲ ಒಂದು ಸಿಲಿಂಡರಿನ ಬಾಗಿಲು ತೆರೆದೇ ಇರುವ ಸಾಧ್ಯತೆ ಹೆಚ್ಚು. ಮೂರರಲ್ಲಿ ಎರಡು ಪಿಸ್ಟನ್ ಹೊಳೆಯುತ್ತಿದ್ದು ಒಂದೇ ಒಂದು ಕಚ್ಚಿಕೊಂಡಿರುವುದು ಈ ಕಾರಣಕ್ಕೆ. ಹೆಡ್ ತೆಗೆದಾಗ ಮೊದಲು ಹುಡುಕಬೇಕಾದದ್ದು ಆ ಒಂದನ್ನು.

ನೀರು ಬರುವ ಇನ್ನೊಂದು ದಾರಿ ಗಾಳಿ. ಹಗಲಿನ ಬಿಸಿಲಿಗೆ ಇಂಜಿನ್ನಿನೊಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ರಾತ್ರಿ ಕಬ್ಬಿಣ ತಣ್ಣಗಾದಾಗ ಹೊರಗಿನ ತೇವದ ಗಾಳಿ ಒಳಗೆ ಬರುತ್ತದೆ, ತಣ್ಣನೆಯ ಲೋಹದ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಗಾಳಿಯ ಸಾಪೇಕ್ಷ ತೇವ ಶೇ. 60ರ ಆಸುಪಾಸು ದಾಟಿದರೆ ತುಕ್ಕಿನ ವೇಗ ಒಮ್ಮೆಲೇ ಏರುತ್ತದೆ ಎಂದು ಬ್ರಿಟನ್ನಿನ ರಸಾಯನ ವಿಜ್ಞಾನಿ ವರ್ನನ್ 1930ರ ದಶಕದಲ್ಲಿ ತೋರಿಸಿದರು. ಗಾಳಿಯಲ್ಲಿ ಗಂಧಕದ ಅನಿಲ ಬೆರೆತಿದ್ದರೆ ಈ ಜಿಗಿತ ಇನ್ನೂ ತೀವ್ರ. ಹಳೆಯ ಟ್ರ್ಯಾಕ್ಟರುಗಳು ಕುಡಿದು ಬೆಳೆದ ಡೀಸೆಲ್ಲಿನಲ್ಲಿ ಗಂಧಕ ಧಾರಾಳವಾಗಿತ್ತು. 1990ರ ದಶಕದ ಮಧ್ಯದವರೆಗೆ ನಮ್ಮ ದೇಶದಲ್ಲಿ ಶೇ. 1ರವರೆಗೂ, ಅಂದರೆ ಹತ್ತು ಲಕ್ಷದಲ್ಲಿ ಹತ್ತು ಸಾವಿರ ಭಾಗದವರೆಗೂ ಅವಕಾಶವಿತ್ತು. 2020ರ ಏಪ್ರಿಲ್‌ನಿಂದ ಆ ಮಿತಿ 10 ಭಾಗಕ್ಕೆ ಇಳಿದಿದೆ. ಹಳೆಯ ಮಸಿಯಲ್ಲಿ ಉಳಿದ ಗಂಧಕದ ಅಂಶ ಇಬ್ಬನಿ ನೀರಿನೊಡನೆ ಬೆರೆತು ಆಮ್ಲವಾಗುತ್ತದೆ, ಅದು ಸಿಲಿಂಡರಿನ ಗೋಡೆಯನ್ನು ಮೆಲ್ಲಗೆ ಕೊರೆಯುತ್ತದೆ.

ಉಬ್ಬುವ ಕಬ್ಬಿಣ

ತುಕ್ಕು ಕಬ್ಬಿಣವನ್ನು ತಿನ್ನುವುದಷ್ಟೇ ಅಲ್ಲ, ತಿಂದ ಜಾಗಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಲೋಹವೊಂದು ಆಕ್ಸೈಡ್ ಆದಾಗ ಅದರ ಗಾತ್ರ ಎಷ್ಟು ಪಟ್ಟಾಗುತ್ತದೆ ಎಂಬ ಲೆಕ್ಕವನ್ನು 1923ರಲ್ಲಿ ಪಿಲ್ಲಿಂಗ್ ಮತ್ತು ಬೆಡ್‌ವರ್ತ್ ಎಂಬ ಇಬ್ಬರು ಮುಂದಿಟ್ಟರು. ಕಬ್ಬಿಣ ಕೆಂಪು ಆಕ್ಸೈಡ್ ಆದಾಗ ಸುಮಾರು ಎರಡು ಪಟ್ಟು ಉಬ್ಬುತ್ತದೆ. ನೀರಿನಂಶ ಸೇರಿಕೊಂಡ ತುಕ್ಕು ಇನ್ನೂ ಹೆಚ್ಚು ಉಬ್ಬುತ್ತದೆ. ಬಯಲಿನಲ್ಲಿದ್ದರೆ ಅದು ಪುಡಿಯಾಗಿ ಉದುರಿ ಹೋಗುತ್ತಿತ್ತು. ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವೆ ಉದುರಲು ಜಾಗವಿಲ್ಲ, ಹಾಗಾಗಿ ಬೆಣೆಯಂತೆ ಬಿಗಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಚ್ಚಿಕೊಳ್ಳುವುದು ಸಾಮಾನ್ಯವಾಗಿ ಪಿಸ್ಟನ್ ಅಲ್ಲ, ಅದರ ರಿಂಗುಗಳು. ರಿಂಗೂ ಎರಕದ ಕಬ್ಬಿಣ, ಗೋಡೆಯೂ ಎರಕದ ಕಬ್ಬಿಣ. ಪಿಸ್ಟನ್ ಅಲ್ಯೂಮಿನಿಯಮ್ಮಿನದಾದರೆ ಅದರ ಸುತ್ತ ಬಿಳಿ ಪುಡಿ ಕಾಣುತ್ತದೆ, ಅದು ಅಲ್ಯೂಮಿನಿಯಮ್ಮಿನ ಆಕ್ಸೈಡ್. ಕೆಂಪು ಎಲ್ಲಿ, ಬಿಳಿ ಎಲ್ಲಿ, ಕಪ್ಪು ಎಲ್ಲಿ ಎಂದು ಬೆಳಕು ಹಿಡಿದು ನೋಡಿದರೆ ಯಾವ ಪದರ ಹಿಡಿದಿದೆ ಎಂಬುದಕ್ಕೆ ಅರ್ಧ ಉತ್ತರ ಸಿಕ್ಕಂತೆ.

ತುಕ್ಕಿನ ಇನ್ನೊಂದು ಗುಣ ನಮಗೆ ಅನುಕೂಲಕರ. ಒತ್ತಿದರೆ ಅದು ತಡೆದುಕೊಳ್ಳುತ್ತದೆ, ಆದರೆ ಅದರೊಳಗೆಲ್ಲ ಸೂಕ್ಷ್ಮ ರಂಧ್ರಗಳಿವೆ ಮತ್ತು ಅದು ಪೆಡಸು. ರಂಧ್ರವಿರುವಲ್ಲಿ ಎಣ್ಣೆ ಇಳಿಯುತ್ತದೆ, ಪೆಡಸಾದದ್ದು ಅದುರಿಕೆಗೆ ಸೀಳುತ್ತದೆ. ಜಾಮು ಬಿಡಿಸುವ ಎಲ್ಲ ಉಪಾಯಗಳೂ ಈ ಎರಡು ಗುಣಗಳ ಮೇಲೆ ನಿಂತಿವೆ.

ಎಣ್ಣೆಗೆ ಸಮಯ ಕೊಡಬೇಕು

ಸಂದಿಯೊಳಗೆ ಎಣ್ಣೆ ಇಳಿಯುವುದು ಅದರ ತೂಕದಿಂದಲ್ಲ, ಕೇಶಾಕರ್ಷಣೆಯಿಂದ. ಅದು ಎಷ್ಟು ವೇಗವಾಗಿ ಇಳಿಯುತ್ತದೆ ಎಂಬುದಕ್ಕೆ ಅಮೆರಿಕದ ರಸಾಯನ ವಿಜ್ಞಾನಿ ಎಡ್ವರ್ಡ್ ವಾಷ್‌ಬರ್ನ್ 1921ರಲ್ಲಿ ಸೂತ್ರವೊಂದನ್ನು ಕೊಟ್ಟರು. ಅದರ ಸಾರ ಇಷ್ಟು: ಇಳಿದ ಆಳ ಸಮಯದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. ಎರಡರಷ್ಟು ಆಳಕ್ಕೆ ನಾಲ್ಕರಷ್ಟು ಹೊತ್ತು, ಹತ್ತರಷ್ಟು ಆಳಕ್ಕೆ ನೂರರಷ್ಟು ಹೊತ್ತು ಬೇಕು. ಬೆಳಿಗ್ಗೆ ಎಣ್ಣೆ ಹಾಕಿ ಮಧ್ಯಾಹ್ನ ಪಾನಾ ಹಚ್ಚುವವರಿಗೆ ನಿರಾಸೆಯಾಗುವುದೂ, ದಿನವೂ ಒಂದಿಷ್ಟು ಹಾಕುತ್ತ ವಾರಗಟ್ಟಲೆ ಬಿಡುವವರಿಗೆ ಇಂಜಿನ್ ಸಡಿಲಾಗುವುದೂ ಈ ಸೂತ್ರಕ್ಕೆ ತಕ್ಕಂತೆಯೇ.

ಎಣ್ಣೆ ಎಂಥದ್ದು ಎನ್ನುವುದೂ ಮುಖ್ಯ. ಅದೇ ಸೂತ್ರದ ಪ್ರಕಾರ ದ್ರವದ ಸ್ನಿಗ್ಧತೆ ಹೆಚ್ಚಿದಷ್ಟೂ ಇಳಿತ ನಿಧಾನ. ಮಾಮೂಲಿ ಇಂಜಿನ್ ಆಯಿಲ್ಲಿನ ಸ್ನಿಗ್ಧತೆ ಸೀಮೆ ಎಣ್ಣೆಯ ಹಲವು ಹತ್ತು ಪಟ್ಟು. ಅಷ್ಟೇ ಸಮಯದಲ್ಲಿ ಸೀಮೆ ಎಣ್ಣೆ ಹಲವು ಪಟ್ಟು ಆಳಕ್ಕೆ ಹೋಗುತ್ತದೆ. ಆದರೆ ಅದು ಬೇಗ ಆರುತ್ತದೆ, ಜಾರಿಕೆಯನ್ನೂ ಹೆಚ್ಚು ಕೊಡುವುದಿಲ್ಲ. ಅದಕ್ಕೇ ಸೀಮೆ ಎಣ್ಣೆಯನ್ನೋ ಡೀಸೆಲ್ಲನ್ನೋ ತೆಳ್ಳನೆಯ ಪವರ್ ಸ್ಟೀರಿಂಗ್ ಆಯಿಲ್ಲಿನೊಡನೆ ಬೆರೆಸಿ ಹಾಕುವುದುಂಟು. ಮೊದಲನೆಯದು ದಾರಿ ಮಾಡುತ್ತದೆ, ಎರಡನೆಯದು ಅಲ್ಲೇ ಉಳಿದು ಜಾರಿಸುತ್ತದೆ. ಎಣ್ಣೆ ಹಾಕುವ ಮೊದಲು ಪಿಸ್ಟನ್ ಮೇಲಿನ ಸಡಿಲ ತುಕ್ಕು, ಮಣ್ಣು, ಮಸಿಯನ್ನು ಒರೆಸಿ ತೆಗೆಯಬೇಕು. ಇಲ್ಲವಾದರೆ ಎಣ್ಣೆಯನ್ನೆಲ್ಲ ಆ ಕಸವೇ ಹೀರಿಬಿಡುತ್ತದೆ. ಹೆಡ್ ಗ್ಯಾಸ್ಕೆಟ್ಟಿನ ತುಣುಕು ಕೆರೆಯುವಾಗ ಅದನ್ನು ಒದ್ದೆ ಮಾಡಿಕೊಳ್ಳುವುದು ಕಡ್ಡಾಯ. ಆ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಒಣ ದೂಳು ಶ್ವಾಸಕೋಶಕ್ಕೆ ಮಾರಕ.

ಬಿಸಿ ಯಾವುದಕ್ಕೆ, ತಂಪು ಯಾವುದಕ್ಕೆ

ಕಾಯಿಸಿದರೆ ಲೋಹ ಹಿಗ್ಗುತ್ತದೆ ಎಂದು ಎಲ್ಲರಿಗೂ ಗೊತ್ತು. ಕಾಯಿಸಿದಾಗ ನಟ್ಟಿನ ತೂತು ದೊಡ್ಡದಾಗುತ್ತದೋ ಚಿಕ್ಕದಾಗುತ್ತದೋ ಎಂದು ಕೇಳಿದರೆ ಹಲವರು ತಡವರಿಸುತ್ತಾರೆ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವುದನ್ನು ಕಂಡವರಿಗೆ ಆ ಗೊಂದಲವಿಲ್ಲ. ಕೆಂಪಗೆ ಕಾದ ಪಟ್ಟಿ ಅಗಲವಾಗಿ ಕಟ್ಟಿಗೆಯ ಗಾಲಿಯ ಮೇಲೆ ಕೂರುತ್ತದೆ, ನೀರು ಸುರಿದಾಗ ಕುಗ್ಗಿ ಬಿಗಿಯಾಗುತ್ತದೆ. ನಟ್ಟೂ ಹಾಗೆಯೇ. ಗ್ಯಾಸಿನ ಜ್ವಾಲೆಯನ್ನು ನಟ್ಟಿಗೆ ಮಾತ್ರ ಹಿಡಿದು, ಅದು ಒಳಗಿನ ಸ್ಟಡ್ಡಿಗಿಂತ 300 ಡಿಗ್ರಿ ಹೆಚ್ಚು ಕಾಯುವಂತೆ ಮಾಡಿದರೆ 12 ಮಿಲಿಮೀಟರಿನ ತೂತು ಸುಮಾರು 0.04 ಮಿಲಿಮೀಟರ್ ಹಿಗ್ಗುತ್ತದೆ. ತುಕ್ಕಿನ ಪದರ ಬಿರುಕು ಬಿಡಲು ಅಷ್ಟು ಸಾಕು. ಸ್ಟಡ್ಡಿಗೂ ಬಿಸಿ ಹರಡುವಷ್ಟು ಹೊತ್ತು ಹಿಡಿದರೆ ಎರಡೂ ಹಿಗ್ಗಿ ಲಾಭ ಹೋಗುತ್ತದೆ. ಬೇಗ ಕಾಯಿಸಿ ಬೇಗ ತಿರುಗಿಸಬೇಕು.

ಅದೇ ಉಪಾಯವನ್ನು ಪಿಸ್ಟನ್ನಿಗೆ ಬಳಸಿದರೆ ಉಲ್ಟಾ ಹೊಡೆಯುತ್ತದೆ. ಮ್ಯಾಸ್ಸಿ ಫರ್ಗುಸನ್ 35ರಲ್ಲಿದ್ದ ಮೂರು ಸಿಲಿಂಡರಿನ ಪರ್ಕಿನ್ಸ್ ಇಂಜಿನ್ನಿನ ಬೋರ್ 91.4 ಮಿಲಿಮೀಟರ್. ಅಂಥ ಇಂಜಿನ್ನನ್ನು ಪೂರ್ತಿಯಾಗಿ 100 ಡಿಗ್ರಿ ಕಾಯಿಸಿದರೆ ಎರಕದ ಕಬ್ಬಿಣದ ಬೋರ್ ಸುಮಾರು 0.10 ಮಿಲಿಮೀಟರ್ ಹಿಗ್ಗುತ್ತದೆ, ಅಲ್ಯೂಮಿನಿಯಮ್ ಪಿಸ್ಟನ್ 0.18 ಮಿಲಿಮೀಟರ್ ಹಿಗ್ಗುತ್ತದೆ. ಸಂದಿ ಕಡಿಮೆಯಾಗಿ ಪಿಸ್ಟನ್ ಇನ್ನಷ್ಟು ಬಿಗಿಯುತ್ತದೆ. ಮಾಡಬೇಕಾದದ್ದು ಇದಕ್ಕೆ ವಿರುದ್ಧ. ಸಿಲಿಂಡರಿನ ಸುತ್ತ ನೀರು ಹರಿಯುವ ವಾಟರ್ ಜಾಕೆಟ್ಟಿಗೆ ಬೆಚ್ಚನೆಯಿಂದ ಶುರುಮಾಡಿ ಹಂತ ಹಂತವಾಗಿ ಬಿಸಿನೀರು ತುಂಬಿ ಗೋಡೆಯನ್ನು ಹಿಗ್ಗಿಸಬೇಕು, ಪಿಸ್ಟನ್ನಿನ ತಲೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಬರ್ಫ ಇಟ್ಟು ಅದನ್ನು ಕುಗ್ಗಿಸಬೇಕು. ಪಿಸ್ಟನ್ 40 ಡಿಗ್ರಿ ತಣಿದರೆ ಸುಮಾರು 0.07 ಮಿಲಿಮೀಟರ್ ಕಿರಿದಾಗುತ್ತದೆ. ಕಾಯಿಸಿ ತಣಿಸುವ ಈ ಕೆಲಸವನ್ನು ಮರಳಿ ಮರಳಿ ಮಾಡಿದಾಗ, ಲೋಹದಷ್ಟು ಹಿಗ್ಗದ ತುಕ್ಕು ತಾನಾಗಿ ಸೀಳುತ್ತದೆ, ಆ ಸೀಳಿನಲ್ಲಿ ಎಣ್ಣೆ ಇನ್ನೂ ಒಳಕ್ಕೆ ಹೋಗುತ್ತದೆ.

ಎರಡು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಎಣ್ಣೆಯಲ್ಲಿ ನೆನೆದ ಇಂಜಿನ್ನಿನ ಹತ್ತಿರ ಜ್ವಾಲೆ ತರುವ ಮುಂಚೆ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಬೇಕು. ಎರಕದ ಕಬ್ಬಿಣದ ಬ್ಲಾಕಿನ ಒಂದೇ ಜಾಗಕ್ಕೆ ಜ್ವಾಲೆ ಹಿಡಿಯಲೇಬಾರದು. ಒಂದು ಕಡೆ ಹಿಗ್ಗಿ ಪಕ್ಕದಲ್ಲಿ ತಣ್ಣಗಿದ್ದರೆ ಅದು ಬಿರಿಯುತ್ತದೆ.

ಏಟು ಮತ್ತು ಒತ್ತಡ

ಬೋಲ್ಟಿಗೆ ನಾವು ಹಾಕುವ ತಿರುಚು ಬಲದಲ್ಲಿ ಬಹುಪಾಲು, ಸುಮಾರು ಹತ್ತರಲ್ಲಿ ಒಂಬತ್ತು ಭಾಗ, ತಲೆಯಡಿಯ ಮತ್ತು ಎಳೆಗಳ ಘರ್ಷಣೆಗೇ ಖರ್ಚಾಗುತ್ತದೆ. ತುಕ್ಕು ಸೇರಿದರೆ ಕೇಳುವುದೇ ಬೇಡ. ಪಾನಾಕ್ಕೆ ಪೈಪು ಸಿಕ್ಕಿಸಿ ಉದ್ದ ಮಾಡಿಕೊಂಡು ಜಗ್ಗಿದಾಗ ಸ್ಟಡ್ ಮುರಿಯುವುದು ಈ ಕಾರಣಕ್ಕೆ: ಬಲವೆಲ್ಲ ಸ್ಟಡ್ಡನ್ನು ತಿರುಚುತ್ತದೆ, ಎಳೆಗಳನ್ನು ತಲುಪುವುದಿಲ್ಲ. ಸ್ಟಡ್ಡಿನ ನೆತ್ತಿಗೆ ನೇರವಾಗಿ ಕೆಲವು ಚುರುಕಾದ ಏಟು ಕೊಟ್ಟು, ಆಮೇಲೆ ತುಸು ಬಿಗಿಯುವ ಕಡೆಗೆ, ತುಸು ಸಡಿಲಿಸುವ ಕಡೆಗೆ ಆಡಿಸುತ್ತ ಹೋದರೆ ಪೆಡಸಾದ ತುಕ್ಕು ಪುಡಿಯಾಗುತ್ತದೆ. ಆದರೂ ಮುರಿದರೆ, ಉಳಿದ ತುಂಡಿನ ಮೇಲೆ ಹೊಸ ನಟ್ಟೊಂದನ್ನು ವೆಲ್ಡ್ ಮಾಡುವುದು ಒಳ್ಳೆಯ ದಾರಿ. ತಿರುಗಿಸಲು ಹಿಡಿ ಸಿಗುತ್ತದೆ, ವೆಲ್ಡಿಂಗಿನ ಬಿಸಿ ತುಕ್ಕನ್ನೂ ಸಡಿಲಿಸುತ್ತದೆ.

ಪಿಸ್ಟನ್ನಿಗೆ ಕಬ್ಬಿಣದ ಸುತ್ತಿಗೆಯ ನೇರ ಏಟು ಬೀಳಬಾರದು. ಬೋರಿಗಿಂತ ತುಸು ಕಿರಿದಾಗಿ ದುಂಡಗೆ ಕೆತ್ತಿದ ಜಾಲಿ ಕಟ್ಟಿಗೆಯ ತುಂಡನ್ನು ನಡುವೆ ಇಟ್ಟರೆ ಏಟು ಪಿಸ್ಟನ್ನಿನ ತಲೆಗೆಲ್ಲ ಸಮನಾಗಿ ಹರಡುತ್ತದೆ. ಹೊಡೆಯುವ ಮೊದಲು ಕ್ರ್ಯಾಂಕ್ ಯಾವ ಕೋನದಲ್ಲಿದೆ ಎಂದು ನೋಡಬೇಕು. ಪಿಸ್ಟನ್ ತೀರ ಮೇಲ್ತುದಿಯಲ್ಲಿ ನಿಂತಿದ್ದರೆ ಕನೆಕ್ಟಿಂಗ್ ರಾಡೂ ಕ್ರ್ಯಾಂಕೂ ಒಂದೇ ಗೆರೆಯಲ್ಲಿರುತ್ತವೆ. ಎಷ್ಟು ಹೊಡೆದರೂ ಕ್ರ್ಯಾಂಕ್ ತಿರುಗುವುದಿಲ್ಲ, ಏಟೆಲ್ಲ ಬೇರಿಂಗಿನ ಮೇಲೆ ಬೀಳುತ್ತದೆ. ಆಗ ಕೆಳಗಿನ ಚೇಂಬರ್ ಬಿಚ್ಚಿ, ರಾಡಿನ ಕ್ಯಾಪ್ ತೆಗೆದು, ಪಿಸ್ಟನ್ನನ್ನು ಕ್ರ್ಯಾಂಕಿನಿಂದ ಬಿಡಿಸಿಕೊಂಡೇ ಮುಂದುವರಿಯಬೇಕು. ಯಾವ ಕ್ಯಾಪ್ ಯಾವ ರಾಡಿನದು ಎಂದು ಗುರುತು ಹಾಕಿಡಬೇಕು. ಅವು ಜೋಡಿಯಾಗಿಯೇ ಕೊರೆದಂಥವು, ಅದಲುಬದಲಾದರೆ ಬೇರಿಂಗ್ ಕೂರುವುದಿಲ್ಲ. ಗೇರಿನಲ್ಲಿಟ್ಟು ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸುವುದಂತೂ ಬೇಡವೇ ಬೇಡ. ಆ ಎಳೆತದ ಬಲವೆಲ್ಲ ಬಂದು ಸೇರುವುದು ಕಚ್ಚಿಕೊಂಡ ಒಂದು ಪಿಸ್ಟನ್ನಿನ ರಾಡಿಗೆ, ಅದು ಬಾಗುತ್ತದೆ.

ಹೆಡ್ ತೆಗೆಯದೆಯೇ ಒತ್ತಡ ಕೊಡುವ ಜಾಣ ದಾರಿಯೂ ಉಂಟು. ಎರಡೂ ವಾಲ್ ಮುಚ್ಚಿರುವ ಸಿಲಿಂಡರಿಗೆ ನೋಝಲ್ ಕೂರುವ ತೂತಿನಿಂದ ಎಣ್ಣೆ ತುಂಬಿ, ಅಲ್ಲಿಗೆ ಗ್ರೀಸ್ ಗನ್ ಜೋಡಿಸಿ ಒತ್ತುವುದು. ಇದು ಪ್ಯಾಸ್ಕಲ್ ನಿಯಮದ ನೇರ ಬಳಕೆ. 91.4 ಮಿಲಿಮೀಟರ್ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 65 ಚದರ ಸೆಂಟಿಮೀಟರ್. ಗ್ರೀಸ್ ಗನ್ 100 ಬಾರ್ ಒತ್ತಡ ಕೊಟ್ಟರೆ ಪಿಸ್ಟನ್ನಿನ ಮೇಲೆ ಬೀಳುವ ಬಲ ಆರೂವರೆ ಟನ್ನಿಗೂ ಮಿಗಿಲು, ಅದೂ ಏಟಿಲ್ಲದೆ, ಎಲ್ಲೆಡೆ ಸಮನಾಗಿ. ಅಷ್ಟೇ ಬಲ ಹೆಡ್ಡನ್ನೂ ಮೇಲಕ್ಕೆ ಒತ್ತುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಮೆಲ್ಲಗೆ ಒತ್ತಿ, ಒತ್ತಡ ಹಾಗೇ ನಿಲ್ಲಲು ಬಿಟ್ಟು, ಕಾಯಬೇಕು.

ಪಿಸ್ಟನ್ ಒಂದು ಸಲ ಅಲುಗಿದರೆ ಗೆದ್ದೆವೆಂದು ಮೇಲಕ್ಕೆ ಎತ್ತಿಬಿಡಬಾರದು. ವರ್ಷಗಳ ದುಡಿತದಿಂದ ರಿಂಗ್ ಓಡಾಡುವ ಜಾಗ ಸವೆದು, ಅದಕ್ಕೂ ಮೇಲೆ ಸವೆಯದ ಅಂಚೊಂದು ಉಳಿದಿರುತ್ತದೆ. ಆ ಅಂಚನ್ನು ಕೆರೆದು ಸಮ ಮಾಡದೆ ಎತ್ತಿದರೆ ರಿಂಗ್ ಅದಕ್ಕೆ ತಾಗಿ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡು ಒಡೆಯುತ್ತದೆ.

ಲೈನರ್, ಗಾರು, ಲಿಂಬೆ

ಬೋರಿನೊಳಗೆ ಕೂತ ಕೊಳವೆಯೇ ಲೈನರ್. ಅದರ ಹೊರಮೈಗೆ ನೇರವಾಗಿ ನೀರು ತಾಗುವಂತಿದ್ದರೆ ವೆಟ್ ಲೈನರ್, ಬ್ಲಾಕಿನ ಗೋಡೆಗೆ ಅಂಟಿ ಕೂತಿದ್ದರೆ ಡ್ರೈ ಲೈನರ್. ಝೆಟರ್ ಮಾದರಿಯಲ್ಲಿರುವಂಥ ವೆಟ್ ಲೈನರಾದರೆ ಒಂದು ಸುಲಭ ದಾರಿಯಿದೆ. ಪಿಸ್ಟನ್ ಏನು ಮಾಡಿದರೂ ಬಿಡದಿದ್ದಾಗ ರಾಡಿನ ಕ್ಯಾಪ್ ತೆಗೆದು, ಪಿಸ್ಟನ್ ಸಮೇತ ಲೈನರನ್ನೇ ಪುಲ್ಲರಿನಿಂದ ಹೊರಗೆಳೆಯಬಹುದು. ಪಿಸ್ಟನ್ನನ್ನು ಆಮೇಲೆ ಪ್ರೆಸ್ಸಿನಲ್ಲಿ ನಿಧಾನವಾಗಿ ಬಿಡಿಸಿಕೊಳ್ಳಬಹುದು. ಡ್ರೈ ಲೈನರ್ ಕೆಟ್ಟಿದ್ದು ಹೊರಬರದಿದ್ದರೆ ಅದರ ಒಳಮೈಯಲ್ಲಿ ಮೇಲಿಂದ ಕೆಳಕ್ಕೆ ವೆಲ್ಡಿಂಗಿನ ಗೆರೆ ಎಳೆಯುತ್ತಾರೆ. ಕರಗಿದ ಲೋಹ ತಣಿಯುವಾಗ ಕುಗ್ಗಿ ಲೈನರನ್ನು ಒಳಕ್ಕೆ ಎಳೆಯುತ್ತದೆ, ಗೋಡೆಯ ಹಿಡಿತ ತಪ್ಪುತ್ತದೆ. ಕುಗ್ಗುವ ಗುಣವನ್ನೇ ಇಲ್ಲಿ ಕೆಲಸಕ್ಕೆ ಹಚ್ಚಿದ್ದಾರೆ.

ಈ ಸೀಮೆಯಲ್ಲಿ ವೆಟ್ ಲೈನರುಗಳನ್ನು ಹಿಡಿಯುವುದು ಮುಖ್ಯವಾಗಿ ಗಾರು. ಬೋರ್‌ವೆಲ್ಲಿನ ಗಡಸು ನೀರನ್ನು ರೇಡಿಯೇಟರಿಗೆ ತುಂಬುತ್ತ ಬಂದರೆ ಬಿಸಿಗೆ ಅದರ ಸುಣ್ಣದಂಶ ಕ್ಯಾಲ್ಸಿಯಮ್ ಕಾರ್ಬೊನೇಟ್ ಆಗಿ ಲೈನರಿನ ಹೊರಮೈಗೆ ಕಟ್ಟುತ್ತದೆ. ಡೋಣಿ ನದಿಯ ಬಯಲಿನ ಉಪ್ಪು ನೀರಾದರೆ ಗಾರಿನ ಜತೆ ಕೊರೆತವೂ ಸೇರುತ್ತದೆ. ಇದಕ್ಕೆ ಎಣ್ಣೆ ನಾಟುವುದಿಲ್ಲ. ಆಮ್ಲ ಬೇಕು, ಆದರೆ ಸೌಮ್ಯವಾದದ್ದು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆ ಹುಳಿಯ ಮೂಲವಾದ ಸಿಟ್ರಿಕ್ ಆಮ್ಲವೇ ಇಲ್ಲಿನ ಮದ್ದು. ಅದು ಕಾರ್ಬೊನೇಟನ್ನು ಕರಗಿಸಿ ಇಂಗಾಲದ ಡೈಆಕ್ಸೈಡನ್ನು ನೊರೆಯಾಗಿ ಹೊರಡಿಸುತ್ತದೆ, ಕಬ್ಬಿಣದ ಅಯಾನುಗಳನ್ನು ಹಿಡಿದುಕೊಂಡು ತುಕ್ಕನ್ನೂ ಸಡಿಲಿಸುತ್ತದೆ. ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲದ ಹರಳನ್ನು ಬೆಚ್ಚನೆಯ ನೀರಿಗೆ ಹಾಕಿ ಜಾಕೆಟ್ಟಿನಲ್ಲಿ ತುಂಬಿ, ಕೆಲವು ತಾಸಿನ ಮೇಲೆ ಬಸಿದು, ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಉಳಿದುಹೋದ ಆಮ್ಲ ಕಬ್ಬಿಣವನ್ನೇ ತಿನ್ನತೊಡಗುತ್ತದೆ.

ಹೊರತೆಗೆದ ಕಬ್ಬಿಣದ ಭಾಗಗಳಿಗೆ ವಿದ್ಯುತ್ತಿನ ದಾರಿ ಒಳ್ಳೆಯದು. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ತುಕ್ಕು ಹಿಡಿದ ಭಾಗವನ್ನು 12 ವೋಲ್ಟ್ ಚಾರ್ಜರಿನ ಋಣ ತುದಿಗೂ, ಬೇಡದ ಕಬ್ಬಿಣದ ಪಟ್ಟಿಯೊಂದನ್ನು ಧನ ತುದಿಗೂ ಜೋಡಿಸಿದರೆ ತುಕ್ಕು ಅಪಕರ್ಷಣೆಗೊಂಡು ಸಡಿಲಾಗಿ ಉದುರುತ್ತದೆ, ಒಳ್ಳೆಯ ಲೋಹಕ್ಕೆ ಪೆಟ್ಟಾಗುವುದಿಲ್ಲ. ಬಯಲಿನಲ್ಲಿ ಮಾಡಬೇಕು, ಹೊರಬರುವ ಜಲಜನಕ ಕಿಡಿಗೆ ಸಿಡಿಯುತ್ತದೆ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಬಾರದು, ನೀರಿಗೆ ವಿಷಕಾರಿ ಕ್ರೋಮಿಯಮ್ ಸೇರುತ್ತದೆ. ಅಲ್ಯೂಮಿನಿಯಮ್ ಪಿಸ್ಟನ್ನನ್ನು ಅದರಲ್ಲಿ ಇಳಿಸಲೇಬಾರದು, ಸೋಡಾ ಅದನ್ನು ತಿಂದುಹಾಕುತ್ತದೆ.

ಮುಂದಿನವರಿಗೆ

ಇಷ್ಟೆಲ್ಲ ಶ್ರಮ ತಪ್ಪಿಸುವ ದಾರಿ ಅಗ್ಗದ್ದು. ಟ್ರ್ಯಾಕ್ಟರ್ ನಿಲ್ಲಿಸುವಾಗ ಸೈಲೆನ್ಸರಿನ ಬಾಯಿಗೆ ತಗಡಿನ ಡಬ್ಬಿ ಬೋರಲು ಹಾಕಬೇಕು. ನೋಝಲ್ ತೂತಿನಿಂದ ಪ್ರತಿ ಸಿಲಿಂಡರಿಗೂ ಒಂದಿಷ್ಟು ಇಂಜಿನ್ ಆಯಿಲ್ ಬಿಟ್ಟು ಕ್ರ್ಯಾಂಕನ್ನು ಕೈಯಿಂದ ಕೆಲವು ಸುತ್ತು ತಿರುಗಿಸಬೇಕು, ತಿಂಗಳಿಗೊಮ್ಮೆ ಮತ್ತೆ ತಿರುಗಿಸುತ್ತಿರಬೇಕು. ರೇಡಿಯೇಟರಿನ ನೀರು ಬಸಿಯಬೇಕು, ಇಲ್ಲವೇ ತುಕ್ಕು ತಡೆಯುವ ಕೂಲಂಟ್ ತುಂಬಬೇಕು.

ಈ ನಾಲ್ಕು ತಾಲೂಕುಗಳ ಗ್ಯಾರೇಜುಗಳಲ್ಲಿ ಹಳೆಯ ಮಿಸ್ತ್ರಿಗಳ ಕೈಯಲ್ಲಿರುವ ಜ್ಞಾನ ಮೇಲ್ನೋಟಕ್ಕೆ ಬರೀ ಅನುಭವದಂತೆ ಕಾಣುತ್ತದೆ. ಆದರೆ ಅವರು ಎಣ್ಣೆ ಬಿಟ್ಟು ಕಾಯುವಾಗ ವಾಷ್‌ಬರ್ನ್ ಸೂತ್ರ ಕೆಲಸ ಮಾಡುತ್ತಿರುತ್ತದೆ, ಗ್ರೀಸ್ ಗನ್ ಒತ್ತುವಾಗ ಪ್ಯಾಸ್ಕಲ್ ನಿಯಮ, ನಟ್ಟು ಕಾಯಿಸುವಾಗ ಉಷ್ಣ ವಿಸ್ತರಣೆ. ಪಿಯುಸಿ ಮತ್ತು ಐಟಿಐ ಮಕ್ಕಳು ಇದೇ ನಿಯಮಗಳನ್ನು ಪುಸ್ತಕದಲ್ಲಿ ಕಲಿತು ಪರೀಕ್ಷೆಯಲ್ಲಿ ಬರೆಯುತ್ತಾರೆ, ಆದರೆ ಅವು ಎದುರಿಗೆ ದುಡಿಯುವುದನ್ನು ಕಾಣುವ ಅವಕಾಶ ಅವರಿಗೆ ಕಡಿಮೆ. ಗುಜರಿಗೆ ಹೊರಟ ಒಂದು ಇಂಜಿನ್ನನ್ನು ತರಗತಿಯ ಅಂಗಳಕ್ಕೆ ತಂದು, ಊರಿನ ಮಿಸ್ತ್ರಿಯೊಬ್ಬರನ್ನು ಕರೆದು, "ಇದನ್ನ ಏನು ಹಿಡಿದೇತಿ, ಹೇಳ್ರಿ ನೋಡೋಣು" ಎಂದು ಮಕ್ಕಳಿಗೆ ಕೇಳಿದರೆ ಸಾಕು. ಭೌತಶಾಸ್ತ್ರವೂ ರಸಾಯನಶಾಸ್ತ್ರವೂ ಒಂದೇ ಬ್ಲಾಕಿನೊಳಗೆ ಸಿಗುತ್ತವೆ, ಆ ಮಿಸ್ತ್ರಿಯ ವಿದ್ಯೆಗೆ ಮುಂದಿನ ತಲೆಮಾರು ಸಿಗುತ್ತದೆ.